ಫ್ರೀಜರ್ ತುಂಬಿತು, ರವಿವಾರ ಹೋಯಿತು

ವಿಜಯಪುರದಲ್ಲಿ ಈಗ ಎಲ್ಲರಿಗೂ ಮುಂಜಾನೆ ಗಡಿಬಿಡಿ. ಯಾರನ್ನಾದರೂ ಕೇಳಿ ನೋಡಿ. ನಾಷ್ಟಾ ಮಾಡಲು ಹೊತ್ತಿಲ್ಲ. ಮಾಡಿಟ್ಟರೆ ತಿನ್ನಲು ಹೊತ್ತಿಲ್ಲ. ಗಾಂಧಿಚೌಕದ ಚಹಾದಂಗಡಿ ಮುಂದೆ ಮುಕ್ಕಾಲು ತಾಸು ನಿಂತು, ಎರಡು ಸಲ ಚಹಾ ಕುಡಿದು, ಪಾಲಿಕೆಯಿಂದ ಹಿಡಿದು ಅಮೆರಿಕದ ಅಧ್ಯಕ್ಷರವರೆಗೆ ಎಲ್ಲರಿಗೂ ಬುದ್ಧಿ ಹೇಳಿ, ಕೊನೆಗೆ ಗಡಿಯಾರ ನೋಡಿಕೊಂಡು ‘ಭಾಳ ಗಡಿಬಿಡಿ ಐತ್ರೀಪಾ’ ಎನ್ನುವುದಕ್ಕೆ ಮಾತ್ರ ಹೊತ್ತಿದೆ.

ಗೋಳಗುಮ್ಮಟದ ಆವರಣದಲ್ಲಿ ನಸುಕಿನಲ್ಲೇ ವಾಕಿಂಗ್. ಬಾಯಲ್ಲಿ ಶುಗರ್, ಬಿಪಿ, ರಾಜಕೀಯ. ಅಷ್ಟರಲ್ಲಿ ಮನೆಯಲ್ಲಿ ಇನ್ನೊಂದು ಜೀವ ನೀರು ತುಂಬಿ, ಹಾಲು ಕಾಯಿಸಿ, ಮಕ್ಕಳನ್ನು ಎಬ್ಬಿಸಿ, ಡಬ್ಬಿ ಕಟ್ಟಿ ಮುಗಿಸಿರುತ್ತದೆ. ಅದನ್ನು ಯಾರೂ ಗಡಿಬಿಡಿ ಎನ್ನುವುದಿಲ್ಲ. ಅದು ಬರೀ ಮನೆಗೆಲಸ.

ಈ ಗಡಿಬಿಡಿಗೆ ಈಗೊಂದು ಮದ್ದು ಬಂದಿದೆ. ಫ್ರೀಜರ್ ನಾಷ್ಟಾ. ರವಿವಾರ ಕೂತು ಇಡೀ ವಾರದ್ದು ಮಾಡಿಡಿ. ಹೆಪ್ಪುಗಟ್ಟಿಸಿ. ಸೋಮವಾರದಿಂದ ಒಂದೊಂದೇ ತೆಗೆದು ಬಿಸಿ ಮಾಡಿಕೊಂಡು ತಿನ್ನಿ. ಮೊಬೈಲ್ ತೆರೆದರೆ ಇದೇ ಉಪದೇಶ. ಉಪದೇಶ ಮಾಡುವವಳ ಅಡುಗೆಮನೆಯಲ್ಲಿ ಒಂದು ಎಣ್ಣೆ ಕಲೆ ಇಲ್ಲ. ಹಿಂದೆ ಕುಕ್ಕರ್ ಕೂಗುವುದಿಲ್ಲ, ಅತ್ತೆಯೂ ಕೂಗುವುದಿಲ್ಲ. ‘ನಿಮ್ಮ ಬೆಳಗಿನ ಅರ್ಧ ಗಂಟೆ ಉಳಿಸಿ’ ಎನ್ನುತ್ತಾಳೆ.

ಉಳಿಸಬಹುದು. ಯಾರ ಲೆಕ್ಕದಿಂದ ಕಳೆದು ಯಾರ ಲೆಕ್ಕಕ್ಕೆ ಜಮಾ ಮಾಡುವುದು ಎಂಬುದನ್ನು ಮಾತ್ರ ಅವಳು ಹೇಳುವುದಿಲ್ಲ.

ಜಲನಗರದ ಒಂದು ಮನೆಯ ರವಿವಾರವನ್ನೇ ನೋಡಿ. ಆಕೆ ಬಬಲೇಶ್ವರದ ಕಡೆಯ ಶಾಲೆಯೊಂದರಲ್ಲಿ ಅಕ್ಕೋರು. ವಾರವಿಡೀ ಬಸ್ಸು. ಶನಿವಾರ ರಾತ್ರಿ ಅಕ್ಕಿ, ಉದ್ದು ರುಬ್ಬಿಟ್ಟಿದ್ದಾಳೆ. ರವಿವಾರ ನಸುಕಿನಲ್ಲಿ ಎದ್ದು ಮೊದಲ ಪಾಳಿ ಇಡ್ಲಿ. ಅದು ಇಳಿಯುವಷ್ಟರಲ್ಲಿ ಎರಡನೆಯದು. ಬಿಸಿಯಿದ್ದಾಗ ಫ್ರೀಜರಿನಲ್ಲಿ ಇಡುವ ಹಾಗಿಲ್ಲ, ಹಬೆ ನೀರಾಗಿ ಮೇಲೆಲ್ಲ ಮಂಜುಗಡ್ಡೆ ಕೂರುತ್ತದೆ. ಹಾಗಂತ ಎರಡು ತಾಸಿಗಿಂತ ಹೆಚ್ಚು ಹೊರಗೆ ಬಿಡುವ ಹಾಗೂ ಇಲ್ಲ, ಹಳಸುತ್ತದೆ. ಅದಕ್ಕೆ ಫ್ಯಾನ್ ಕೆಳಗೆ ತಾಟುಗಳ ಸಾಲು. ಇಡ್ಲಿಗೆ ಇಡ್ಲಿ ತಾಗದಂತೆ ಹರವಬೇಕು. ಗಟ್ಟಿಯಾದ ಮೇಲೆ ಚೀಲಕ್ಕೆ ಹಾಕಿ ಗಾಳಿ ಹಿಂಡಬೇಕು.

ಆಮೇಲೆ ಪರಾಟಾ. ಅರ್ಧ ಬೇಯಿಸಿ, ನಡುನಡುವೆ ಬಟರ್ ಪೇಪರ್ ಇಟ್ಟು ಪೇರಿಸಬೇಕು. ಉಪ್ಪಿಟ್ಟಿನ ರವೆ ಹುರಿದಿಡಬೇಕು. ಚಟ್ನಿಯನ್ನು ಐಸ್ ಟ್ರೇಗೆ ಸುರಿದು ಹರಳು ಮಾಡಬೇಕು. ಪ್ರತಿ ಡಬ್ಬಿಯ ಮೇಲೆ ತಾರೀಖಿನ ಚೀಟಿ. ಇದೆಲ್ಲ ಮುಗಿದ ಮೇಲೆ ಭಾಂಡೆ. ಆರು ದಿನದ ಭಾಂಡೆ ಒಂದೇ ದಿನ.

ಗಂಡನೂ ಕೆಲಸ ಮಾಡಿದ್ದಾನೆ. ಸುಳ್ಳು ಹೇಳಬಾರದು. ಪೇಟೆಗೆ ಹೋಗಿ ಜಿಪ್ ಚೀಲ ತಂದಿದ್ದಾನೆ. ತುಂಬಿದ ಫ್ರೀಜರಿನ ಫೋಟೋ ತೆಗೆದು ಸ್ಟೇಟಸ್ ಹಾಕಿದ್ದಾನೆ. ಮೂವತ್ತು ಜನ ಹೆಬ್ಬೆಟ್ಟು ಎತ್ತಿದ್ದಾರೆ, ಎಲ್ಲ ಅವನಿಗೇ.

ಸಂಜೆ ಐದಕ್ಕೆ ಆಕೆ ಕೂತಳು. ತಲೆಗೆ ಎರೆದುಕೊಳ್ಳುವುದು ಮುಂದಿನ ವಾರಕ್ಕೆ ಹೋಯಿತು. ತಿಕೋಟಾದಲ್ಲಿರುವ ತಾಯಿಯನ್ನು ನೋಡಿಬರುವುದು ಮುಂದಿನ ತಿಂಗಳಿಗೆ ಹೋಯಿತು. ಊರಿಗೂ ತಿಕೋಟಾಕ್ಕೂ ನಡುವೆ ಇರುವುದು ಅಥಣಿ ರಸ್ತೆಯ ಸುಮಾರು ಇಪ್ಪತ್ತು ಕಿಲೋಮೀಟರು. ಅರ್ಧ ತಾಸಿನ ದಾರಿ. ಉಳಿಸುತ್ತೇವೆ ಎಂದಿದ್ದು ಅಷ್ಟೇ ಹೊತ್ತು.

ಸೋಮವಾರ ಮುಂಜಾನೆ ಆತ ಫ್ರೀಜರಿನಿಂದ ಒಂದು ಡಬ್ಬಿ ತೆಗೆದು, ಮೈಕ್ರೋವೇವಿಗೆ ಇಟ್ಟು, ಗುಂಡಿ ಒತ್ತುತ್ತಾನೆ. ಎರಡು ನಿಮಿಷ. ಆಫೀಸಿಗೆ ಹೋಗಿ ಹೇಳುತ್ತಾನೆ: ‘ನಮ್ಮನ್ಯಾಗ ನಾಷ್ಟಾ ನಾನಽ ಮಾಡ್ಕೋತೀನ್ರಿ. ಆಕಿಗೆ ತ್ರಾಸ ಕೊಡೂದಿಲ್ಲ.’

ಕೇಳಿದವರು ತಲೆದೂಗುತ್ತಾರೆ. ಎಂಥಾ ಗಂಡ!

ಇದು ಜಲನಗರದ ಒಂದು ಮನೆಯ ಕಥೆ ಎಂದು ತಳ್ಳಿಹಾಕುವವರಿಗೆ ಸರ್ಕಾರದ ಲೆಕ್ಕ ಇದೆ. ರಾಷ್ಟ್ರೀಯ ಸಾಂಖ್ಯಿಕ ಕಚೇರಿ 2019ರಲ್ಲಿ ದೇಶದ ಜನ ದಿನವನ್ನು ಹೇಗೆ ಕಳೆಯುತ್ತಾರೆ ಎಂದು ಸಮೀಕ್ಷೆ ಮಾಡಿತು. ಸಂಬಳವಿಲ್ಲದ ಮನೆಗೆಲಸಕ್ಕೆ ಕೈಹಾಕುವ ಹೆಂಗಸು ದಿನಕ್ಕೆ 299 ನಿಮಿಷ ಕೊಡುತ್ತಾಳೆ. ಗಂಡಸು 97 ನಿಮಿಷ. ಅದೂ ಕೈಹಾಕುವ ಗಂಡಸು. ಹಾಗೆ ಕೈಹಾಕುವವರು ನೂರರಲ್ಲಿ ಇಪ್ಪತ್ತಾರು ಮಂದಿ. ಉಳಿದ ಎಪ್ಪತ್ತನಾಲ್ಕು ಮಂದಿ ಗಡಿಬಿಡಿಯಲ್ಲಿದ್ದರು.

2024ರಲ್ಲಿ ಮತ್ತೆ ಸಮೀಕ್ಷೆಯಾಯಿತು. ನಡುವೆ ಲಾಕ್‌ಡೌನ್ ಬಂದುಹೋಗಿತ್ತು. ತಿಂಗಳುಗಟ್ಟಲೆ ಗಂಡಸರು ಮನೆಯಲ್ಲೇ ಇದ್ದರು. ಅಡುಗೆಮನೆ ಯಾವ ದಿಕ್ಕಿಗಿದೆ ಎಂಬುದಾದರೂ ಗೊತ್ತಾಗಿರಬೇಕಿತ್ತು. ಹೆಂಗಸರದ್ದು 289 ನಿಮಿಷಕ್ಕೆ ಇಳಿದಿತ್ತು. ಗಂಡಸರದ್ದು ಏರಿರಬೇಕಲ್ಲವೇ? 88ಕ್ಕೆ ಇಳಿಯಿತು. ಅಷ್ಟು ಸಣ್ಣ ಗಂಟಿನಲ್ಲೂ ಒಂಬತ್ತು ನಿಮಿಷ ಕದ್ದ ಜಾಣರು.

ಈ ಒಂಬತ್ತು ನಿಮಿಷ ಎಲ್ಲಿಗೆ ಹೋಯಿತು ಎಂದು ಸಮೀಕ್ಷೆ ಹೇಳುವುದಿಲ್ಲ. ಚಹಾದಂಗಡಿಯವನನ್ನು ಕೇಳಿದರೆ ಹೇಳಿಯಾನು.

ಇನ್ನು ಫ್ರೀಜರ್ ಎಂಬ ದೇವರ ವಿಚಾರ.

ಆಹಾರ ಕೆಡದೆ ಇರಬೇಕಾದರೆ ಫ್ರೀಜರಿನ ಒಳಗೆ ಸೊನ್ನೆಗಿಂತ 18 ಡಿಗ್ರಿ ಕೆಳಗೆ ತಂಪಿರಬೇಕು. ಹೊರಗೆ ವಿಜಯಪುರದ ಎಪ್ರಿಲ್-ಮೇ. ನಲವತ್ತು ದಾಟಿದ ಬಿಸಿಲು. ಹೆಪ್ಪುಗಟ್ಟಿಸಿದ ಆಹಾರದ ಉದ್ಯಮಕ್ಕೆ ಬುನಾದಿ ಹಾಕಿದವನು ಅಮೆರಿಕದ ಕ್ಲಾರೆನ್ಸ್ ಬರ್ಡ್ಸೈ. ಉತ್ತರದ ಲ್ಯಾಬ್ರಡಾರ್ ಸೀಮೆಯಲ್ಲಿ ಅಲ್ಲಿನ ಇನ್ಯೂಟ್ ಜನ ಹಿಡಿದ ಮೀನು ಗಾಳಿಗೆ ಬಂದೊಡನೆ ಕಲ್ಲಾಗುವುದನ್ನು ನೋಡಿ ಅವನಿಗೆ ಹೊಳೆದ ವಿದ್ಯೆ ಇದು. ಅಲ್ಲಿ ಸೊನ್ನೆಯ ಕೆಳಗೆ ನಲವತ್ತು. ಇಲ್ಲಿ ಸೊನ್ನೆಯ ಮೇಲೆ ನಲವತ್ತು. ಅಂಕಿ ಒಂದೇ. ಅಷ್ಟು ಸಾಕು ನಮಗೆ.

ಅಲ್ಲಿಯ ತಂಪು ಪುಕ್ಕಟೆ. ನಮ್ಮದು ಕರೆಂಟಿನದು. ಕರೆಂಟು ಇದ್ದರೆ ಉಂಟು.

ಕರೆಂಟಿಗೆ ನಮ್ಮ ಜಿಲ್ಲೆಯಲ್ಲಿ ಏನು ಬರ? ಕೂಡಗಿಯಲ್ಲಿ 2,400 ಮೆಗಾವಾಟ್ ಸಾಮರ್ಥ್ಯದ ಉಷ್ಣ ವಿದ್ಯುತ್ ಸ್ಥಾವರ ಹೊಗೆ ಬಿಡುತ್ತಿದೆ. ಆಲಮಟ್ಟಿಯಲ್ಲಿ 290 ಮೆಗಾವಾಟಿನ ಜಲವಿದ್ಯುತ್. ಬೂದಿ ನಮಗೆ, ಹಿನ್ನೀರಿನಲ್ಲಿ ಮುಳುಗಿದ ಊರು ನಮ್ಮವು, ಬೆಳಕು ಗ್ರಿಡ್ಡಿಗೆ. ಬಬಲೇಶ್ವರದ ತೋಟದ ವಸ್ತಿಯಲ್ಲಿ ಫ್ರೀಜರ್ ಇಟ್ಟವನು ಒಳಗಿನ ಪರಾಟಾ ಗಟ್ಟಿಯಾಗಿದೆಯೇ ಎಂದು ನೋಡುವ ಮೊದಲು ಬಲ್ಬು ಉರಿಯುತ್ತಿದೆಯೇ ಎಂದು ನೋಡಬೇಕು.

ಪುಸ್ತಕದ ಪ್ರಕಾರ, ತುಂಬಿದ ದೊಡ್ಡ ಫ್ರೀಜರ್ ಬಾಗಿಲು ತೆರೆಯದಿದ್ದರೆ ಕರೆಂಟಿಲ್ಲದೆಯೂ ಎರಡು ದಿನ ತಂಪು ಹಿಡಿದಿಡುತ್ತದೆ. ಅರ್ಧ ತುಂಬಿದ್ದರೆ ಒಂದು ದಿನ. ಬಾಗಿಲು ತೆರೆಯದಿದ್ದರೆ. ನಮ್ಮ ಮನೆಗಳಲ್ಲಿ ಕರೆಂಟು ಹೋದ ಕೂಡಲೇ ಮೊದಲು ನಡೆಯುವ ಕೆಲಸವೇ ಬಾಗಿಲು ತೆರೆದು ‘ಕರಗೇತೇನ’ ಎಂದು ನೋಡುವುದು. ಹತ್ತು ನಿಮಿಷ ಬಿಟ್ಟು ಇನ್ನೊಬ್ಬರು ನೋಡುತ್ತಾರೆ. ಆಮೇಲೆ ಮಾವನವರು. ಹೀಗೆ ಮನೆಮಂದಿಯೆಲ್ಲ ಸೇರಿ ಕರಗಿಸಿದ ಮೇಲೆ ಕರೆಂಟು ಬರುತ್ತದೆ. ಮತ್ತೆ ಹೆಪ್ಪುಗಟ್ಟುತ್ತದೆ. ಚೀಟಿಯ ಮೇಲಿನ ತಾರೀಖು ಮಾತ್ರ ಅದೇ ಇರುತ್ತದೆ. ಗುರುವಾರ ಮಕ್ಕಳಿಗೆ ಹೊಟ್ಟೆನೋವು. ಬೈಗುಳ ಯಾರಿಗೆ? ಹೊರಗಿನ ಪಾನಿಪುರಿಯವನಿಗೆ.

ಅಡುಗೆಗಳಾದರೂ ಒಪ್ಪುತ್ತವೆಯೇ? ಸುಸಲಾ ಫ್ರೀಜರಿನಿಂದ ತೆಗೆದರೆ ಚುರುಮುರಿ ಹೋಗಿ ಅಂಟು ಆಗಿರುತ್ತದೆ. ಮೆತ್ತನೆಯ ಬಿಸಿರೊಟ್ಟಿಯನ್ನು ಫ್ರಿಜ್ಜಿನಲ್ಲಿಟ್ಟರೆ ಹೊರಗಿಟ್ಟದ್ದಕ್ಕಿಂತ ಬೇಗ ಬಿರುಸಾಗುತ್ತದೆ. ಹಿಟ್ಟಿನ ಗುಣವೇ ಅದು, ಆ ತಂಪಿನಲ್ಲಿ ಅದು ಬೇಗ ಸೆಟೆಯುತ್ತದೆ. ಹಾಗಾಗಿ ನಮ್ಮ ನಾಷ್ಟಾ ಬಿಟ್ಟು ಫ್ರೀಜರಿಗೆ ಹೊಂದುವ ನಾಷ್ಟಾ ಕಲಿಯುತ್ತಿದ್ದೇವೆ. ನಮ್ಮ ಹೊಟ್ಟೆಗೆ ತಕ್ಕ ಪೆಟ್ಟಿಗೆ ತರುವ ಕಾಲ ಹೋಯಿತು. ಪೆಟ್ಟಿಗೆಗೆ ತಕ್ಕ ಹೊಟ್ಟೆ ಮಾಡಿಕೊಳ್ಳಬೇಕು.

ಮಜಾ ಏನೆಂದರೆ, ಮುಂದಾಗಿ ಮಾಡಿಟ್ಟು ತಿನ್ನುವ ವಿದ್ಯೆಯನ್ನು ಈ ಸೀಮೆಗೆ ಯಾರೂ ಹೊರಗಿನಿಂದ ತಂದು ಕಲಿಸಬೇಕಾಗಿರಲಿಲ್ಲ. ಖಡಕ್ ರೊಟ್ಟಿ ಇನ್ನೇನು?

ಬಿಳಿಜೋಳದ ಹಿಟ್ಟಿಗೆ ಕುದಿಯುವ ಎಸರು ಹೊಯ್ಯಬೇಕು. ಜೋಳದಲ್ಲಿ ಗೋಧಿಯ ಜಿಗುಟಿಲ್ಲ, ಎಸರು ಬಿದ್ದರೇ ಹಿಟ್ಟು ಕೂಡುವುದು. ಅಂಗೈಯ ಬುಡದಿಂದ ತಿಕ್ಕಿ ತಿಕ್ಕಿ ನಾದಬೇಕು. ಒಣಹಿಟ್ಟು ಹರವಿ, ಎರಡೂ ಕೈಯಿಂದ ತಿರುಗಿಸುತ್ತ ಬಡಿಯಬೇಕು. ಹಂಚಿನ ಮೇಲೆ ಹಾಕಿ, ಒದ್ದೆ ಅರಿವೆಯಿಂದ ಮೇಲೆ ನೀರು ಸವರಿ, ತಿರುವಿ, ಉಬ್ಬಿಸಬೇಕು. ಇಷ್ಟಕ್ಕೆ ಬಿಸಿರೊಟ್ಟಿ. ಖಡಕ್ ಆಗಬೇಕಾದರೆ ಅದನ್ನು ಒಲೆಯ ಸುತ್ತ ಒರಗಿಸಿ ಸಣ್ಣ ಕಾವಿನಲ್ಲಿ ಒಣಗಿಸಬೇಕು. ತೇವ ಪೂರಾ ಹೋಗಬೇಕು. ತೇವ ಹೋದ ರೊಟ್ಟಿಗೆ ಬೂಸ್ಟು ಹಿಡಿಯಲು ದಾರಿಯಿಲ್ಲ. ಬುಟ್ಟಿಯಲ್ಲಿ ಪೇರಿಸಿ ಅರಿವೆ ಮುಚ್ಚಿಟ್ಟರೆ ವಾರವಲ್ಲ, ತಿಂಗಳು ಇರುತ್ತದೆ. ಜೊತೆಗೆ ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಪುಡಿ. ಒಂದಕ್ಕೂ ಕರೆಂಟು ಬೇಡ. ಮೇಲೆ ಮೊಸರು, ಒಂದು ಉಳ್ಳಾಗಡ್ಡಿ. ಮುಂಜಾನೆಯ ಕೆಲಸ: ಬುಟ್ಟಿಯ ಅರಿವೆ ಸರಿಸುವುದು.

ಕೊಪ್ಪಳದ ಗವಿಮಠದ ಜಾತ್ರೆಯ ದಾಸೋಹಕ್ಕೆ ಊರೂರಿನಿಂದ ಲಕ್ಷಗಟ್ಟಲೆ ರೊಟ್ಟಿ ಬರುವುದು ಈ ಒಣ ವಿದ್ಯೆಯ ಬಲದಿಂದಲೇ. ಟ್ರ್ಯಾಕ್ಟರಿನಲ್ಲಿ ಬರುತ್ತದೆ. ಫ್ರೀಜರ್ ವ್ಯಾನಿನಲ್ಲಿ ಬರುವುದಿಲ್ಲ. ಮೈಸೂರಿನಲ್ಲಿ 1961ರಿಂದ ರಕ್ಷಣಾ ಇಲಾಖೆಯ ಆಹಾರ ಪ್ರಯೋಗಾಲಯವೊಂದಿದೆ. ಗಡಿಯ ಸೈನಿಕನಿಗೆ ಫ್ರಿಜ್ ಇಲ್ಲದೆಯೂ ಕೆಡದ ಊಟದ ಪೊಟ್ಟಣ ಮಾಡುವುದು ಅದರ ಕಸುಬು. ದೇಶ ಕಾಯುವವನ ಊಟ ಫ್ರೀಜರ್ ಇಲ್ಲದೆ ಉಳಿಯುತ್ತದೆ. ಗುಮಾಸ್ತನ ಇಡ್ಲಿ ಉಳಿಯುವುದಿಲ್ಲ.

ಇಷ್ಟು ಓದಿದ ಕೂಡಲೇ ಒಂದು ಜಾತಿಯ ಓದುಗರು ಮೀಸೆ ತಿರುವಿರುತ್ತಾರೆ. ‘ನೋಡ್ರಿ, ನಮ್ಮ ಹಿರಿಯರು ಎಷ್ಟು ಶ್ಯಾಣ್ಯಾರಿದ್ದರು! ನಮ್ಮ ಅಮ್ಮ ಫ್ರಿಜ್ ಕಂಡಿರಲಿಲ್ಲ, ನೂರು ವರ್ಷ ಬದುಕಿದಳು!’

ಬದುಕಿದಳು. ನಸುಕಿನ ನಾಲ್ಕಕ್ಕೆ ಎದ್ದು ಬೀಸುಕಲ್ಲಿನ ಮುಂದೆ ಕೂತಳು. ಹೊಗೆಯಲ್ಲಿ ಕಣ್ಣು ಕಳೆದುಕೊಂಡಳು. ಮನೆಮಂದಿಯೆಲ್ಲ ಉಂಡ ಮೇಲೆ ಉಳಿದದ್ದು ಉಂಡಳು. ನೀವು ಒಂದು ದಿನ ಆ ಹಂಚಿನ ಮುಂದೆ ಕೂತಿದ್ದೀರಾ? ಮೇ ತಿಂಗಳಲ್ಲಿ? ಖಡಕ್ ರೊಟ್ಟಿ ತನ್ನಷ್ಟಕ್ಕೆ ಖಡಕ್ ಆಗುವುದಿಲ್ಲ. ಅದರ ಮುಂದೆ ಒಬ್ಬಳು ಬೆವರಬೇಕು.

ಫ್ರೀಜರ್ ಭಕ್ತರೂ ಬುಟ್ಟಿ ಭಕ್ತರೂ ಜಗಳ ಆಡಿದ್ದೇ ಆಡಿದ್ದು. ಒಬ್ಬ ಆಧುನಿಕ, ಇನ್ನೊಬ್ಬ ಸನಾತನ. ಇಬ್ಬರೂ ನಿಂತಿರುವುದು ಒಬ್ಬಳದೇ ಬೆನ್ನ ಮೇಲೆ. ಆಕೆಯ ಬೆನ್ನಿನಿಂದ ಇಳಿಯುವ ವಿಷಯ ಬಂದಾಗ ಮಾತ್ರ ಇಬ್ಬರಿಗೂ ಗಡಿಬಿಡಿ.

ಬುಟ್ಟಿ ಭಕ್ತರ ಭಕ್ತಿ ಎಷ್ಟು ಆಳದ್ದು ಎಂದು ನೋಡಬೇಕಾದರೆ ಪೇಟೆಗೆ ಬನ್ನಿ. ರೊಟ್ಟಿ ಮಾರುವ ಹೆಂಗಸರು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟು ಮಾಡಿ ಇಟ್ಟುಕೊಂಡು ಕೂತಿರುತ್ತಾರೆ. ಈಗ ಓಣಿಗೊಂದು ರೊಟ್ಟಿ ಕೇಂದ್ರ. ಕೆಲವು ಕಡೆ ಬಡಿಯಲು ಯಂತ್ರ ಬಂದಿದೆ, ಹೆಚ್ಚಿನ ಕಡೆ ಕೈಯೇ ಯಂತ್ರ. ಬೈಕು ನಿಲ್ಲಿಸಿ, ಇಳಿಯದೆ, ಹೆಲ್ಮೆಟ್ಟಿನೊಳಗಿಂದಲೇ ಒಬ್ಬ ಕೇಳುತ್ತಾನೆ:

‘ಯವ್ವಾ, ಹ್ಯಾಂಗ ಕೊಟ್ಟಿ?’

ಆಕೆ ಹೇಳುತ್ತಾಳೆ.

‘ಏ, ಹೋದ ವಾರ ಒಂದ್ ರೂಪಾಯಿ ಕಡಿಮಿ ಇತ್ತಲ್ಲ!’

‘ಜ್ವಾಳದ ರೇಟ್ ಏರೇತ್ರೀ ಯಣ್ಣಾ. ಗ್ಯಾಸ್ ಏರೇತಿ.’

‘ಹತ್ತು ತಗೋತೀನಿ, ಎರಡ ಮ್ಯಾಲ ಹಾಕು.’

ಇದೇ ಮನುಷ್ಯನ ಬೈಕಿನ ಹುಕ್ಕಿಗೆ ಮಾಲಿನ ಚೀಲ ನೇತಾಡುತ್ತಿದೆ. ಅದರಲ್ಲಿ ಜಿಪ್ ಚೀಲ, ಬಟರ್ ಪೇಪರ್, ಹೆಪ್ಪುಗಟ್ಟಿದ ಪರಾಟಾದ ಪೊಟ್ಟಣ. ಅಲ್ಲಿ ಅವನು ಎರಡು ಮೇಲೆ ಹಾಕು ಎನ್ನಲಿಲ್ಲ. ಬಾರ್‌ಕೋಡ್‌ಗೆ ಯವ್ವಾ ಎನ್ನಲು ಬರುವುದಿಲ್ಲ.

ಸರ್ಕಾರವೇನು ಕಡಿಮೆಯೇ? 2023 ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷ. ವಿಶ್ವಸಂಸ್ಥೆ ಸಾರಿತು, ನಾವು ಕುಣಿದೆವು. ಆ ವರ್ಷದ ಕೇಂದ್ರ ಬಜೆಟ್ಟಿನಲ್ಲಿ ಜೋಳ, ಸಜ್ಜೆ, ರಾಗಿಗೆಲ್ಲ ‘ಶ್ರೀ ಅನ್ನ’ ಎಂದು ಪಟ್ಟ ಕಟ್ಟಲಾಯಿತು. ಡೋಣಿ ಸೀಮೆಯ ಎರೆ ಹೊಲ ಬೆಳೆದರೆ ಓಣಿ ತುಂಬ ಜೋಳ ಎಂಬ ಮಾತಿದ್ದ ಜಿಲ್ಲೆ ನಮ್ಮದು. ಹಗೇವು ತೋಡಿ ನೆಲದೊಳಗೆ ಜೋಳ ಕಾಪಿಟ್ಟ ಜನ ನಾವು. ಅದೇ ಜೋಳದ ಹೊಲಕ್ಕೆ ಈಗ ತೊಗರಿ, ಕಬ್ಬು, ದ್ರಾಕ್ಷಿ ಬಂದು ಕೂತಿವೆ. ರೇಶನ್ ಚೀಲದಲ್ಲಿ ಹೆಚ್ಚಾಗಿ ಅಕ್ಕಿ ಬರುತ್ತದೆ. ಜೋಳಕ್ಕೆ ಮೊದಲಿನಷ್ಟು ಹೊಲವೂ ಇಲ್ಲ, ಅಕ್ಕಿಯಷ್ಟು ಚೀಲವೂ ಇಲ್ಲ. ಹೆಸರಿನ ಹಿಂದೆ ‘ಶ್ರೀ’ ಮಾತ್ರ ಇದೆ.

ಸಿರಿಧಾನ್ಯದ ವಿಚಾರ ಸಂಕಿರಣಗಳಿಗೆ ಹೋದವರಿಗೆ ಅಲ್ಲಿಯ ನಾಷ್ಟಾ ಗೊತ್ತು. ಗೋಧಿ ರವೆಯದೂ ಅಲ್ಲ, ಜೋಳದ ನುಚ್ಚಿನದೂ ಅಲ್ಲ, ಚೊಕ್ಕ ಬಾಂಬೆ ರವೆಯ ಉಪ್ಪಿಟ್ಟು, ಶಿರಾ. ಭಾಷಣ ವೇದಿಕೆಯ ಮೇಲೆ, ಮೈದಾ ಬಿಸ್ಕೀಟು ತಾಟಿನಲ್ಲಿ.

ತೆರಿಗೆಯವರ ಕಥೆ ಇನ್ನೂ ಚಂದ. ಬೆಂಗಳೂರಿನ ಐಡಿ ಫ್ರೆಶ್ ಫುಡ್ ಕಂಪನಿ ತನ್ನ ಪೊಟ್ಟಣದ ಪರೋಟಾಕ್ಕೆ ಎಷ್ಟು ಜಿಎಸ್‌ಟಿ ಎಂದು ಕೇಳಿತು. ರೊಟ್ಟಿ, ಚಪಾತಿಗೆ ಆಗ ಶೇ 5. ಪರೋಟಾವೂ ಅದೇ ಕುಲವಲ್ಲವೇ ಎಂಬುದು ವಾದ. 2020ರಲ್ಲಿ ಕರ್ನಾಟಕದ ಅಡ್ವಾನ್ಸ್ ರೂಲಿಂಗ್ ಪ್ರಾಧಿಕಾರ ತೀರ್ಪು ಕೊಟ್ಟಿತು: ಅಲ್ಲ. ತಿನ್ನುವ ಮೊದಲು ಅದನ್ನು ಬಿಸಿ ಮಾಡಬೇಕು. ಆದ್ದರಿಂದ ಅದು ರೊಟ್ಟಿಯ ಸಾಲಿಗೆ ಬರುವುದಿಲ್ಲ. ಶೇ 18 ಕಟ್ಟಿ.

ದೇಶವೆಲ್ಲ ನಕ್ಕಿತು. ನಕ್ಕು ಸುಮ್ಮನಾಯಿತು. ಐದು ವರ್ಷ ಬೇಕಾಯಿತು. 2025ರ ಸೆಪ್ಟೆಂಬರ್ 22ರಿಂದ ರೊಟ್ಟಿಗೂ ಸೊನ್ನೆ, ಪರೋಟಾಕ್ಕೂ ಸೊನ್ನೆ. ಸಮಾನತೆ ಬಂತು. ಹಿಟ್ಟಿನ ಸಮಾನತೆ.

ಗಮನಿಸಿದಿರಾ? ಪೊಟ್ಟಣವನ್ನು ತವೆಯ ಮೇಲೆ ಎರಡು ನಿಮಿಷ ಬಿಸಿ ಮಾಡುವುದೂ ಒಂದು ಕೆಲಸ ಎಂದು ಸರ್ಕಾರದ ಒಂದು ಪ್ರಾಧಿಕಾರ ಬರೆದು ಸಹಿ ಹಾಕಿತು. ಆ ಎರಡು ನಿಮಿಷದ ಮೇಲೆ ಹದಿಮೂರು ಪರ್ಸೆಂಟ್ ಹೆಚ್ಚು ತೆರಿಗೆ ಹೊರಿಸಿತು. ಮನೆಯಲ್ಲಿ ಅದನ್ನು ಹಿಟ್ಟಿನಿಂದ ಶುರು ಮಾಡಿ ತಾಟಿನವರೆಗೆ ಮುಟ್ಟಿಸುವವಳ 289 ನಿಮಿಷ ಯಾವ ಸಾಲಿಗೂ ಬರುವುದಿಲ್ಲ. ಅದನ್ನು ಯಾರೂ ಕೇಳಲೂ ಇಲ್ಲ.

ತಂಪು ಪೆಟ್ಟಿಗೆ ನಿಜವಾಗಿ ಬೇಕಾದವರು ಯಾರು ಎಂದು ನೋಡಬೇಕಾದರೆ ತಿಕೋಟಾ ಕಡೆ ಹೋಗಿ. 2017ರ ರಾಜ್ಯ ಬಜೆಟ್ಟಿನಲ್ಲಿ ತಿಕೋಟಾ, ಬಬಲೇಶ್ವರ ಎರಡಕ್ಕೂ ತಾಲೂಕಿನ ಭಾಗ್ಯ ಬಂತು. ಕಚೇರಿಯ ಬೋರ್ಡು ಬಂತು. ತುಬಚಿ-ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆಯ ನೀರೂ ಏರಿ ಬಂತು. ದ್ರಾಕ್ಷಿ ಹಬ್ಬಿತು. ಹಸಿ ಹಣ್ಣನ್ನು ದ್ರಾವಣದಲ್ಲಿ ಅದ್ದಿ, ಶೆಡ್ಡಿನ ಬಲೆಗಳ ಮೇಲೆ ಹರವಿ, ನೆರಳಿನಲ್ಲಿ ಒಣಗಿಸುತ್ತಾರೆ. ಸುಮಾರು ನಾಲ್ಕು ಕಿಲೋ ಹಣ್ಣಿಗೆ ಒಂದು ಕಿಲೋ ಒಣದ್ರಾಕ್ಷಿ. ಅದರ ಬಣ್ಣ ಕೆಡದಿರಬೇಕಾದರೆ ಶೀತಲಗೃಹ ಬೇಕೇ ಬೇಕು. ಜಾಗಕ್ಕಾಗಿ, ಪೇಟೆಗಾಗಿ ತಾಸಗಾಂವ್, ಸಾಂಗ್ಲಿ ದಾರಿ ಹಿಡಿಯುವ ರೈತರು ಇನ್ನೂ ಇದ್ದಾರೆ. ಬೆಳೆ ಕರ್ನಾಟಕದ್ದು, ತಂಪು ಮಹಾರಾಷ್ಟ್ರದ್ದು.

ನಮ್ಮ ಸಿಟಿಯ ಅಡುಗೆಮನೆಯಲ್ಲಿ ಮಾತ್ರ ಎರಡೆರಡು ಬಾಗಿಲಿನ ಫ್ರಿಜ್. ಒಳಗೆ ಏನಿದೆ? ಹೋದ ದೀಪಾವಳಿಯ ಕರಜೀಕಾಯಿ, ಗುರುತು ಸಿಗದ ಎರಡು ಡಬ್ಬಿ, ಬಾಡಿದ ಕೊತ್ತಂಬರಿ.

ಅದೇ ತಿಕೋಟಾ ರಸ್ತೆಯಲ್ಲಿ ಮುಂಜಾನೆ ಏಳಕ್ಕೆ ನಿಂತು ನೋಡಿ. ಟಂಟಂ ತುಂಬ ಹೆಂಗಸರು. ದ್ರಾಕ್ಷಿ ತೋಟಕ್ಕೆ, ಒಣದ್ರಾಕ್ಷಿ ಶೆಡ್ಡಿಗೆ ಹೊರಟವರು. ಒಳಗೆ ಹಿಡಿಯದವರು ಹಿಂದಿನ ಹಲಗೆಯ ಮೇಲೆ. ತೊಡೆಯ ಮೇಲೆ ಬುತ್ತಿ ಗಂಟು: ರೊಟ್ಟಿ, ಹಿಂಡಿ, ಒಂದು ಉಳ್ಳಾಗಡ್ಡಿ. ಇವರು ಎದ್ದದ್ದು ಎಷ್ಟಕ್ಕೆ? ರೊಟ್ಟಿ ಬಡಿದದ್ದು ಯಾವಾಗ? ಕಟ್ಟಿದ ಬುತ್ತಿಯನ್ನು ಬಿಚ್ಚುವುದು ಹತ್ತಕ್ಕೋ ಹನ್ನೊಂದಕ್ಕೋ, ಮಾಲಕ ಬಿಟ್ಟಾಗ. ಈ ಮುಂಜಾನೆಗೆ ಯಾರೂ ಬಿಡುವಿಲ್ಲದ ಮುಂಜಾನೆ ಎಂದು ಹೆಸರಿಟ್ಟು ವಿಡಿಯೋ ಮಾಡುವುದಿಲ್ಲ. ಹತ್ತು ನಿಮಿಷ ತಡವಾಗಿ ಮುಟ್ಟಿದರೆ ‘ಲೇಟಾತು, ಅರ್ಧ ಪಗಾರ’ ಎನ್ನುತ್ತಾರೆ ಅಷ್ಟೆ.

ಅದೇ ಅಥಣಿ ರಸ್ತೆಯಲ್ಲಿ, ತೊರವಿಯ ಹತ್ತಿರ, ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯವಿದೆ. ರಾಜ್ಯದ ಮಹಿಳಾ ವಿಶ್ವವಿದ್ಯಾಲಯ ನಮ್ಮೂರಲ್ಲೇ ಇದೆ ಎಂದು ಹೆಮ್ಮೆ ಪಡುವ ಗಂಡಸರಲ್ಲಿ ನಾನೂ ಒಬ್ಬ. ಮಗಳು ಅಲ್ಲಿ ಎಂ.ಎ. ಓದಲಿ. ಮದುವೆಯ ಮಾತು ಬಂದಾಗ ಬೀಗರು ಕೇಳುವ ಪ್ರಶ್ನೆ ಒಂದೇ: ‘ಹುಡುಗಿಗೆ ರೊಟ್ಟಿ ಬರ್ತಾವೇನ್ರಿ?’ ಹುಡುಗನಿಗೆ ಬರುತ್ತವೆಯೇ ಎಂದು ಈ ಜಿಲ್ಲೆಯಲ್ಲಿ ಯಾವ ಬೀಗನೂ ಕೇಳಿದ್ದನ್ನು ನಾನು ಕಂಡಿಲ್ಲ. ಈಗ ಪ್ರಶ್ನೆ ಸ್ವಲ್ಪ ಸುಧಾರಿಸಿದೆ. ರೊಟ್ಟಿ ಬರದಿದ್ದರೂ ನಡೆಯುತ್ತದೆ, ಫ್ರಿಜ್ಜು ದೊಡ್ಡದು ಕೊಡಿ ಎನ್ನುತ್ತಾರೆ.

ಫ್ರೀಜರ್ ಮೇಲೆ ನನಗೇನೂ ಹಗೆಯಿಲ್ಲ. ಒಂಟಿಯಾಗಿ ಬಾಡಿಗೆ ಮನೆಯಲ್ಲಿರುವ ನರ್ಸಿಗೆ, ರಾತ್ರಿ ಪಾಳಿಯವಳಿಗೆ, ಹಸುಗೂಸಿನ ತಾಯಿಗೆ ಅದು ನಿಜವಾದ ಆಸರೆ. ಅವರು ತುಂಬಿಕೊಳ್ಳಲಿ, ಬೇಕಾದ್ದನ್ನು ತುಂಬಿಕೊಳ್ಳಲಿ. ನಾನು ಹೇಳುತ್ತಿರುವುದು ಎರಡು ಕೈ, ಎರಡು ಕಾಲು, ಒಂದು ಸರ್ಕಾರಿ ಪಗಾರ, ಮುಂಜಾನೆ ಒಂದೂವರೆ ತಾಸು ಬಿಡುವು, ಇಷ್ಟೆಲ್ಲ ಇದ್ದೂ ಹೆಂಡತಿಯ ರವಿವಾರವನ್ನು ಹೆಪ್ಪುಗಟ್ಟಿಸಿ ವಾರವಿಡೀ ತಿನ್ನುವವರ ಬಗ್ಗೆ. ನೀವು ಯಾರೆಂದು ನಿಮಗೆ ಗೊತ್ತು.

ನಿಮಗಾಗಿ ಒಂದು ನಾಷ್ಟಾ ಹೇಳುತ್ತೇನೆ. ಹಚ್ಚಿದ ಅವಲಕ್ಕಿ. ಒಲೆ ಬೇಡ, ಕರೆಂಟು ಬೇಡ, ರವಿವಾರ ಬೇಡ. ತೆಳು ಅವಲಕ್ಕಿಯನ್ನು ಬೋಗುಣಿಗೆ ಹಾಕಿ. ಶೇಂಗಾ ಎಣ್ಣೆ, ಖಾರದ ಪುಡಿ, ಮೆಂತ್ಯದ ಹಿಟ್ಟು, ಉಪ್ಪು, ಚೂರು ಸಕ್ಕರೆ. ಉಳ್ಳಾಗಡ್ಡಿ ಸಣ್ಣಗೆ ಹೆಚ್ಚಿ, ಹಸಿ ಕೊಬ್ಬರಿ ತುರಿದು, ಕೊತ್ತಂಬರಿ ಉದುರಿಸಿ, ಲಿಂಬೆ ಹಿಂಡಿ, ಕೈಯಿಂದ ಚೆನ್ನಾಗಿ ಹಚ್ಚಿ. ಹತ್ತು ನಿಮಿಷ. ಗಾಂಧಿಚೌಕದ ಮೊದಲನೇ ಚಹಾಕ್ಕೆ ಹಿಡಿಯುವಷ್ಟೇ ಹೊತ್ತು. ಮೆಂತ್ಯದ ಹಿಟ್ಟಿನ ಡಬ್ಬಿ ಎಲ್ಲಿದೆ ಎಂದು ಆಕೆಯನ್ನು ಎಬ್ಬಿಸಿ ಕೇಳಬೇಡಿ. ಹುಡುಕಿ.

ಉಳ್ಳಾಗಡ್ಡಿಗೆ ಕಣ್ಣಲ್ಲಿ ನೀರು ಬಂದರೆ ಬರಲಿ. ಮೊದಲ ತಾಟು ಆಕೆಗೆ ಕೊಡಿ. ಫೋಟೋ ತೆಗೆಯಬೇಡಿ. ರೊಟ್ಟಿ ಬೇಕಾದರೆ ಬೈಕಿನಿಂದ ಇಳಿದು, ಮಾರುವವಳು ಕೇಳಿದಷ್ಟು ಕೊಟ್ಟು ತನ್ನಿ. ತಿಂದ ಮೇಲೆ ಬೋಗುಣಿ ತೊಳೆದು ಇಡಿ.